‘ಉಚಿತ ಚಿಕಿತ್ಸೆ’ ಭರವಸೆಯನ್ನು ತೂಗಿ ನೋಡುವುದು ಹೇಗೆ?

ಚುನಾವಣೆ ಹತ್ತಿರ ಬಂದರೆ ಉಚಿತ ಚಿಕಿತ್ಸೆಯ ಮಾತು ಜೋರಾಗುತ್ತದೆ. ಎಲ್ಲವನ್ನೂ ಸರ್ಕಾರವೇ ಮಾಡಬೇಕು ಎನ್ನುವವರಿದ್ದಾರೆ, ಸರ್ಕಾರ ಕೈ ಹಾಕದಿದ್ದರೆ ಸಾಕು ಎನ್ನುವವರೂ ಇದ್ದಾರೆ. ಮತ ಹಾಕುವ ಮೊದಲು ಈ ಮಾತುಗಳನ್ನು ಹೀಗೆ ಬಿಡಿಸಿ ನೋಡಿ.

1. ಯಾವ ಕೆಲಸದ ಮಾತು ಎಂದು ಗುರುತಿಸಿ
ಸರ್ಕಾರ ತಾನೇ ಆಸ್ಪತ್ರೆ ನಡೆಸಬಹುದು. ಬೇರೆ ಆಸ್ಪತ್ರೆಯ ಬಿಲ್ಲು ಕಟ್ಟಬಹುದು. ಖಾಸಗಿಯವರಿಗೆ ನಿಯಮ ಹಾಕಬಹುದು. ಭಾಷಣದಲ್ಲಿ ಈ ಮೂರೂ ಕಲಸಿಹೋಗುತ್ತವೆ.

2. ಕಾರ್ಡ್ ಏನು ಕೊಡುತ್ತದೆ ನೋಡಿ
ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡನ್ನೇ ತೆಗೆದುಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರ) ಶೇ 30 ಮಾತ್ರ, ಅದೂ 1.5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರ್ ಮಾಡುತ್ತಾರೆ. ದೊಡ್ಡ ಆಪರೇಷನ್ ಬಂದಾಗ ಇದು ನಿಜಕ್ಕೂ ಕುಟುಂಬವನ್ನು ಸಾಲದಿಂದ ಉಳಿಸುತ್ತದೆ. ಆದರೆ ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಗೆ ಈ ಕಾರ್ಡ್ ಬರುವುದಿಲ್ಲ. ಅದಕ್ಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಡಾಕ್ಟರೂ ಇರಬೇಕು, ಔಷಧಿಯೂ ಇರಬೇಕು. ಪಿಎಚ್‌ಸಿ ಬಗ್ಗೆ ಒಂದು ಮಾತೂ ಆಡದೆ ಕಾರ್ಡ್ ಮಾತ್ರ ತೋರಿಸುವವರ ಭರವಸೆ ಅರ್ಧ ಭರವಸೆ.

3. ದುಡ್ಡು ಯಾರದು ಎಂದು ಕೇಳಿ
ಆಯುಷ್ಮಾನ್ ಭಾರತ್‌ನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಆದರೆ ಈ ಲೆಕ್ಕ ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಮಾತ್ರ. ಉಳಿದವರ ಖರ್ಚು ರಾಜ್ಯದ ಮೇಲೇ ಬೀಳುತ್ತದೆ. ‘ಇದು ನಮ್ಮ ಯೋಜನೆ’ ಎಂದು ಎರಡೂ ಕಡೆಯವರು ಎದೆ ತಟ್ಟಿಕೊಳ್ಳುವುದು ಇದಕ್ಕೇ. ಆರೋಗ್ಯಕ್ಕೆ ಸರ್ಕಾರದ ಖರ್ಚು 2025ರ ಹೊತ್ತಿಗೆ ಜಿಡಿಪಿಯ ಶೇ 2.5 ಆಗಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು. ಬಜೆಟ್ ಬಂದಾಗ ಈ ಮಾತನ್ನು ನೆನಪಿಸಿ.

4. ನಿಯಮದ ಜಗಳದಲ್ಲಿ ಇಬ್ಬರ ಮಾತೂ ಕೇಳಿ
2017ರಲ್ಲಿ ರಾಜ್ಯದ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ತಿದ್ದುಪಡಿ ತಂದರು. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ, ತಪ್ಪಿದರೆ ಜೈಲು ಎಂಬ ಪ್ರಸ್ತಾಪ ಅದರಲ್ಲಿತ್ತು. ನವೆಂಬರ್‌ನಲ್ಲಿ ವೈದ್ಯರು ಮುಷ್ಕರ ಮಾಡಿದರು. ಬೆಂಗಳೂರಿನ ಬಾಡಿಗೆಗೂ ತಾಲ್ಲೂಕಿನ ಬಾಡಿಗೆಗೂ ಒಂದೇ ದರ ಹೇಗೆ ಹೊಂದುತ್ತದೆ ಎಂಬ ಪ್ರಶ್ನೆಯಲ್ಲಿ ಹುರುಳಿತ್ತು. ಆದರೆ ಸ್ಟ್ರೆಚರ್ ಮೇಲೆ ಮಲಗಿದವರು ಚೌಕಾಸಿ ಮಾಡಲು ಆಗುತ್ತದಾ? ತರಕಾರಿ ಅಂಗಡಿಯಂತೆ ಪಕ್ಕದ ಅಂಗಡಿಗೆ ಹೋಗಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಇಲ್ಲಿ ಸರ್ಕಾರ ಸುಮ್ನೆ ನೋಡುತ್ತಾ ನಿಲ್ಲುವುದು ತಪ್ಪು ಎಂಬುದು ನನ್ನ ನಂಬಿಕೆ. ಕೊನೆಗೆ ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ಮಾತ್ರ ಉಳಿಯಿತು. ಆದರೂ ದರಪಟ್ಟಿ ತೂಗುಹಾಕಬೇಕು, ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಇದೆ ಎಂದು ಶವ ತಡೆಹಿಡಿಯಬಾರದು ಎಂಬ ನಿಯಮಗಳು ಜಾರಿಯಲ್ಲಿವೆ.

5. ಅಭ್ಯರ್ಥಿಯನ್ನು ಕೇಳಿ
ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರ್ ಹುದ್ದೆ ಖಾಲಿ ಇವೆ? ಯಾವಾಗ ತುಂಬುತ್ತೀರಿ? ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ಬಂದ ದೂರುಗಳು ಏನಾದವು? ಉತ್ತರವನ್ನು ಬರೆದಿಟ್ಟುಕೊಳ್ಳಿ, ಗೆದ್ದ ಮೇಲೆ ಅದನ್ನೇ ಹಿಡಿದು ಮತ್ತೆ ಕೇಳಿ.