ನೀರಿನ ಘಟಕಕ್ಕೆ ದಾನ ಕೊಡುವ ಮುನ್ನ: ವರ್ತಕರೂ ಪಂಚಾಯಿತಿಯೂ ಕೂಡಿ ನಡೆಸುವ ಬಗೆ

ಪಾವಗಡ, ಬಾಗೇಪಲ್ಲಿ, ಕುಷ್ಟಗಿ, ಮುಂಡರಗಿ ಸೀಮೆಯಲ್ಲಿ ಓಡಾಡುವವರಿಗೆ ಬೀಗ ಜಡಿದ ಶುದ್ಧ ಕುಡಿಯುವ ನೀರಿನ ಘಟಕ ಅಪರೂಪದ ನೋಟವೇನಲ್ಲ. ತಗಡಿನ ಕೊಠಡಿ, ಅದರ ನೆತ್ತಿಯಲ್ಲಿ ದಾನಿಗಳ ಹೆಸರು ಕೊರೆದ ಕಪ್ಪು ಗ್ರಾನೈಟ್ ಫಲಕ, ಕೆಳಗೆ ನಾಣ್ಯ ಹಾಕುವ ಕಿಂಡಿಗೆ ಅಂಟಿಸಿದ ಟೇಪು, ನಲ್ಲಿಯ ಕೆಳಗಿನ ಕಟ್ಟೆಯ ಮೇಲೆ ಒಣಗಿದ ಬಿಳಿಯ ಉಪ್ಪು. ಇವುಗಳಲ್ಲಿ ಬಹುಪಾಲು ಕೆಟ್ಟ ಉದ್ದೇಶದಿಂದ ಕಟ್ಟಿದವಲ್ಲ. ಯಂತ್ರಕ್ಕೂ ಉದ್ಘಾಟನೆಯ ಶಾಮಿಯಾನಕ್ಕೂ ಹಣ ಕೂಡಿಸಿದವರು ಮೂರನೆಯ ವರ್ಷ ಬದಲಿಸಬೇಕಾಗುವ, ಲವಣ ಸೋಸುವ ತೆಳು ಪೊರೆಯಾದ ಮೆಂಬ್ರೇನ್‌ಗೆ ಯಾರು ದುಡ್ಡು ಕೊಡಬೇಕು ಎಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ, ಅಷ್ಟೆ.

ಊರಿನ ವರ್ತಕರ ಸಂಘ, ಅಕ್ಕಿ ಗಿರಣಿ, ಪೆಟ್ರೋಲ್ ಬಂಕ್, ಬಟ್ಟೆ ಅಂಗಡಿಯ ಮಾಲೀಕರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಈ ಲೇಖನ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಿ ಲೆಕ್ಕ ತೋರಿಸಬೇಕು. ಊರಿನ ಅಂಗಡಿಯವರಿಗೆ ಆ ಕಟ್ಟುಪಾಡು ಇಲ್ಲ. ಅವರು ಕೊಡುವುದು ಸ್ವಂತ ಇಚ್ಛೆಯಿಂದ. ಆದ್ದರಿಂದಲೇ ಅದರ ಲೆಕ್ಕ ಕೇಳುವವರೂ ಇರುವುದಿಲ್ಲ. ಲೆಕ್ಕದ ಶಿಸ್ತನ್ನು ದಾನಿಗಳೂ ಪಂಚಾಯಿತಿಯೂ ತಾವೇ ಹಾಕಿಕೊಳ್ಳಬೇಕಾಗುತ್ತದೆ.

ಮೊದಲು ನೀರಿನ ಪರೀಕ್ಷೆ

ಕಂಪನಿಯ ಮಾರಾಟಗಾರನನ್ನು ಕರೆಯುವ ಮುನ್ನ ಕೊಳವೆಬಾವಿಯ ನೀರನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿ. ಪಂಪನ್ನು ಕೆಲವು ನಿಮಿಷ ಓಡಿಸಿದ ನಂತರ ಮಾದರಿ ಹಿಡಿಯಬೇಕು. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಬೇಡ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿಯನ್ನು ಬಳಸಿ, ತಡಮಾಡದೆ ತಲುಪಿಸಬೇಕು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕರಗಿದ ಲವಣಗಳ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, 500ರೊಳಗಿದ್ದರೆ ಒಳ್ಳೆಯದು. ಅನ್ಯ ಮೂಲವಿಲ್ಲದಲ್ಲಿ 2,000ದವರೆಗೆ ಸಮ್ಮತ.

ಈ ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಲವಣ ಎಲ್ಲವೂ ಮಿತಿಯೊಳಗಿದ್ದು ಬ್ಯಾಕ್ಟೀರಿಯಾ ಮಾತ್ರ ಕಂಡುಬಂದರೆ ಆ ಊರಿಗೆ, ಮೆಂಬ್ರೇನ್ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಆರ್‌ಒ ಘಟಕದ ಅಗತ್ಯವೇ ಇಲ್ಲ. ಓವರ್‌ಹೆಡ್ ಟ್ಯಾಂಕನ್ನು ನಿಯಮಿತವಾಗಿ ತೊಳೆಸಿ, ಒಡೆದ ಪೈಪುಗಳನ್ನು ಸರಿಪಡಿಸಿ, ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿಯುವಂತೆ ನೋಡಿಕೊಂಡರೆ ಸಾಕು. ವರ್ತಕರ ಹಣ ಕ್ಲೋರಿನ್ ಹಾಕುವ ಡೋಸರ್‌ಗೆ ಹೋಗಲಿ. ಅದರ ಮೇಲೆ ಹೆಸರು ಬರೆಸಲು ಜಾಗವಿರುವುದಿಲ್ಲ ಎಂಬ ಕಾರಣಕ್ಕೆ ದಾನಿಗಳು ಹಿಂಜರಿಯುವುದು ಸಾಮಾನ್ಯ. ಪಂಚಾಯಿತಿ ಆ ಹಿಂಜರಿಕೆಗೆ ಮಣಿಯಬಾರದು. ಇನ್ನು ಫ್ಲೋರೈಡ್ ಇರುವ ಊರುಗಳಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂದು ಹೇಳುವವರಿದ್ದಾರೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆಯೇ ವಿನಾ ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ.

ಕೆಟ್ಟು ನಿಂತದ್ದನ್ನು ಎಬ್ಬಿಸಿ

ಘಟಕ ಬೇಕೇ ಬೇಕು ಎಂದಾದರೆ, ಹೊಸದಕ್ಕೆ ಕೈಹಾಕುವ ಮೊದಲು ಪಂಚಾಯಿತಿ ವ್ಯಾಪ್ತಿಯಲ್ಲಿ ಕೆಟ್ಟು ನಿಂತಿರುವ ಘಟಕವಿದೆಯೇ ನೋಡಿ. ಕೊಠಡಿ, ಸ್ಟೀಲ್ ಟ್ಯಾಂಕ್, ಮರಳಿನ ಫಿಲ್ಟರ್ ಹಾಳಾಗದೆ ಇದ್ದು ಮೆಂಬ್ರೇನ್ ಕಟ್ಟಿಕೊಂಡಿರುವುದು ಅಥವಾ ಪಂಪು ಸುಟ್ಟಿರುವುದೇ ಹೆಚ್ಚು. ದುರಸ್ತಿಯ ವೆಚ್ಚ ಹೊಸದರ ಒಂದು ಭಾಗ ಮಾತ್ರ.

ಜಾಗ

ಸರ್ಕಾರಿ ಜಾಗ, ಎಲ್ಲ ಕೇರಿಯವರೂ ಸಲೀಸಾಗಿ ಬಂದು ಹೋಗುವ ದಾರಿ. ಇವೆರಡು ಬಿಟ್ಟರೆ ಬೇರೆ ಷರತ್ತಿಲ್ಲ. ದೇವಸ್ಥಾನದ ಆವರಣವಾಗಲಿ, ದಾನಿಯ ಅಂಗಡಿಯ ಮುಂಭಾಗವಾಗಲಿ ಬೇಡವೇ ಬೇಡ. ಸಾರ್ವಜನಿಕ ಬಳಕೆಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಬಳಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಬಾಯಿಬಿಟ್ಟು ತಡೆಯದಿದ್ದರೂ ಕೆಲವರು ಹೆಜ್ಜೆಯಿಡಲು ಅಳುಕುವ ಜಾಗದಲ್ಲಿ ನಲ್ಲಿ ಇಟ್ಟರೆ ಅದೂ ತಡೆದಂತೆಯೇ.

ಕರಾರು ಪತ್ರ: ಇಲ್ಲಿ ಆತುರ ಬೇಡ

ಎಲ್ಲರೂ ಎಡವುವುದು ಇಲ್ಲಿಯೇ. ಸಂಘದ ಅಧ್ಯಕ್ಷರೂ ಪಂಚಾಯಿತಿ ಅಧ್ಯಕ್ಷರೂ ಚಹಾ ಕುಡಿಯುತ್ತಾ ಬಾಯಿಮಾತಿನಲ್ಲಿ ಒಪ್ಪಿಕೊಳ್ಳುತ್ತಾರೆ, ‘ನಾವೆಲ್ಲ ಒಂದೇ ಊರಿನವರು, ಕಾಗದ ಯಾಕೆ ಬೇಕು’ ಎನ್ನುತ್ತಾರೆ. ಪಂಚಾಯಿತಿಯ ಅವಧಿ ಐದು ವರ್ಷ, ಸಂಘದ ಪದಾಧಿಕಾರಿಗಳು ಅದಕ್ಕೂ ಬೇಗ ಬದಲಾಗುತ್ತಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗವಾಗಿ ಹೋಗುತ್ತಾರೆ. ಮಾತು ಕೊಟ್ಟವರೇ ಇಲ್ಲದ ಮೇಲೆ ಆ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಆದ್ದರಿಂದ ವಿಷಯವನ್ನು ಮೊದಲು ಗ್ರಾಮಸಭೆಯಲ್ಲಿ ಚರ್ಚಿಸಿ, ನಂತರ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ ನಡವಳಿ ಪುಸ್ತಕಕ್ಕೆ ಏರಿಸಿ, ಆ ಠರಾವಿನ ಆಧಾರದ ಮೇಲೆ ಕರಾರು ಬರೆಯಬೇಕು. ಸಹಿ ಹಾಕುವವರು ಹುದ್ದೆಯ ಹೆಸರಿನಲ್ಲಿ ಹಾಕಬೇಕು, ವ್ಯಕ್ತಿಯ ಹೆಸರಿನಲ್ಲಿ ಅಲ್ಲ.

ಕರಾರಿನಲ್ಲಿ ಮೊದಲು ಬರಬೇಕಾದದ್ದು ಒಡೆತನ. ಕಟ್ಟಡ, ಯಂತ್ರ, ಕೊಳವೆಬಾವಿ ಎಲ್ಲವೂ ಪಂಚಾಯಿತಿಯ ಆಸ್ತಿಯೆಂದು ಬರೆದು ಆಸ್ತಿ ವಹಿಯಲ್ಲಿ ನಮೂದಿಸಬೇಕು. ಯಂತ್ರ ಸಂಘದ್ದು, ಕಟ್ಟಡ ಪಂಚಾಯಿತಿಯದು ಎಂಬ ಹಂಚಿಕೆ ಕೇಳಲು ನ್ಯಾಯವಾಗಿ ಕಂಡರೂ ಮೊದಲ ಜಗಳದ ದಿನವೇ ಒಬ್ಬರು ಬಾಗಿಲಿಗೆ ಬೀಗ ಹಾಕುತ್ತಾರೆ, ಇನ್ನೊಬ್ಬರು ಮೋಟಾರು ಬಿಚ್ಚಿಕೊಂಡು ಹೋಗುತ್ತಾರೆ. ಎರಡನೆಯದು ವಿದ್ಯುತ್ ಮೀಟರು. ಅದು ಪಂಚಾಯಿತಿಯ ಹೆಸರಿನಲ್ಲಿ, ಬೀದಿ ದೀಪದ ಸಂಪರ್ಕದಿಂದ ಬೇರೆಯಾಗಿ, ಪ್ರತ್ಯೇಕವಾಗಿ ಇರಬೇಕು. ಬಿಲ್ಲನ್ನು ಘಟಕದ ಆದಾಯದಿಂದ ಯಾವ ತಾರೀಖಿನೊಳಗೆ ಕಟ್ಟಬೇಕು ಎಂಬುದನ್ನೂ ಬರೆಯಬೇಕು. ಪಕ್ಕದ ಅಂಗಡಿಯಿಂದ ವೈರು ಎಳೆದು ‘ಸದ್ಯಕ್ಕೆ’ ನಡೆಸುವ ಅಡ್ಡದಾರಿ ಒಂದೇ ಬೇಸಿಗೆಯಲ್ಲಿ ಮುರಿದುಬೀಳುತ್ತದೆ.

ಮೂರನೆಯದು ಹಣ ಇಡುವ ಬಗೆ. ದಾನವನ್ನು ಯಾರ ಕೈಗೂ ನಗದಾಗಿ ಕೊಡಬಾರದು. ಬ್ಯಾಂಕ್ ಮೂಲಕ ಪಂಚಾಯಿತಿಗೆ ಸಂದಾಯ ಮಾಡಿ ರಸೀದಿ ಪಡೆಯಬೇಕು. ನಿರ್ವಹಣೆಗೆ ಪ್ರತ್ಯೇಕ ಖಾತೆ ತೆರೆದು, ಪಿಡಿಒ ಮತ್ತು ಸಂಘದ ಕಾರ್ಯದರ್ಶಿ ಇಬ್ಬರ ಸಹಿಯೂ ಇದ್ದರೆ ಮಾತ್ರ ಹಣ ಹೊರಬರುವಂತೆ ಮಾಡಿ. ನನ್ನ ಖಚಿತ ಸಲಹೆಯೆಂದರೆ, ಕೂಡಿದ ದಾನದಲ್ಲಿ ಮೂರನೆಯ ಒಂದು ಭಾಗವನ್ನು ಯಂತ್ರಕ್ಕೆ ಮುಟ್ಟಿಸದೆ ಈ ಖಾತೆಯಲ್ಲಿ ಮೊದಲೇ ಇಟ್ಟುಬಿಡಿ. ಉಳಿದ ಹಣಕ್ಕೆ ಎಷ್ಟು ದೊಡ್ಡ ಯಂತ್ರ ಬರುತ್ತದೋ ಅಷ್ಟೇ ದೊಡ್ಡದನ್ನು ತನ್ನಿ.

ನಾಲ್ಕನೆಯದನ್ನು ಬರೆಯಲು ಎಲ್ಲರೂ ಮುಜುಗರಪಡುತ್ತಾರೆ: ಯಾರಿಗೆ ಇದರಿಂದ ಲಾಭ? ದಾನಿಗಳಲ್ಲಿ ಒಬ್ಬರು ಕ್ಯಾನ್ ನೀರಿನ ವ್ಯಾಪಾರಿಯಾಗಿದ್ದರೆ ಅವರ ದಾನವನ್ನು ಗೌರವದಿಂದ ಸ್ವೀಕರಿಸಿ, ಆದರೆ ಘಟಕದ ಉಸ್ತುವಾರಿಯನ್ನು ಅವರಿಗೆ ವಹಿಸಬೇಡಿ; ಘಟಕ ಕೆಟ್ಟಷ್ಟೂ ಅವರ ವ್ಯಾಪಾರ ಬೆಳೆಯುತ್ತದೆ. ಬೇಕಿದ್ದರೆ ನಡೆಯಲಾಗದ ವೃದ್ಧರ ಮನೆಗಳಿಗೆ ಕ್ಯಾನ್ ತಲುಪಿಸುವ ಕೆಲಸವನ್ನು ಅವರ ಗಾಡಿಗೇ ಕೊಡಬಹುದು. ಯಂತ್ರ ಸರಬರಾಜು ಮಾಡುವವರು ಸದಸ್ಯರ ಸಂಬಂಧಿಯಾಗಿದ್ದರೆ ಆ ಸದಸ್ಯರು ಖರೀದಿ ಚರ್ಚೆಯಿಂದ ಹೊರಗಿರಬೇಕು. ದಾನ ಕೊಟ್ಟವರ ವ್ಯಾಪಾರ ಪರವಾನಗಿಗೂ, ಕಟ್ಟಡ ತೆರಿಗೆಗೂ, ಅಂಗಡಿ ಮುಂದೆ ಚಾಚಿಕೊಂಡ ಮೆಟ್ಟಿಲಿಗೂ ಈ ದಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು ಒಂದು ಸಾಲು ಇರಲಿ. ಆ ಸಾಲು ಕೊಡುವವರ ಮರ್ಯಾದೆಯನ್ನೂ ಕಾಯುತ್ತದೆ, ಏಕೆಂದರೆ ಕೊಡದೆ ಉಳಿದ ಸಣ್ಣ ಅಂಗಡಿಯವನ ಮೇಲೆ ಪಂಚಾಯಿತಿ ಒತ್ತಡ ಹೇರಿತೆಂಬ ಮಾತು ಆಗ ಹುಟ್ಟುವುದಿಲ್ಲ.

ಕೊನೆಯದಾಗಿ, ಕೆಟ್ಟರೆ ಎಷ್ಟು ದಿನದೊಳಗೆ ಮೆಕ್ಯಾನಿಕ್ ಬರಬೇಕು, ಅಲ್ಲಿಯವರೆಗೆ ಟ್ಯಾಂಕರ್ ನೀರು ಕೊಡುವವರು ಯಾರು, ಸಂಘ ಹಿಂದೆ ಸರಿಯುವುದಾದರೆ ಎಷ್ಟು ತಿಂಗಳ ಮುಂಚೆ ತಿಳಿಸಬೇಕು ಎಂಬುದು ಬರಬೇಕು. ಆರು ತಿಂಗಳ ಮುನ್ಸೂಚನೆ ಎಂದು ಬರೆಯುವುದು ಸೂಕ್ತ. ಅಷ್ಟರೊಳಗೆ ಒಂದು ಗ್ರಾಮಸಭೆಯಾದರೂ ನಡೆಯಲೇಬೇಕಾದ್ದರಿಂದ ಊರಿನವರಿಗೆ ವಿಷಯ ತಿಳಿದಿರುತ್ತದೆ.

ಖರೀದಿಯಲ್ಲಿ ಕಾಣುವ ಕೈಚಳಕ

ಕನಿಷ್ಠ ಮೂವರಿಂದ ದರಪಟ್ಟಿ ತರಿಸಿ. ಪಂಚಾಯಿತಿಯ ಹಣವೂ ಸೇರುವುದಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಪಾಲಿಸಬೇಕಾಗುತ್ತದೆ. ಮಾರಾಟಕ್ಕೆ ಬರುವವರು ಎರಡು ಲೋಟ ನೀರಿನಲ್ಲಿ ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ ಹರಿಸಿ, ಊರಿನ ನೀರು ಕಂದು ಕೆಸರಾಗುವುದನ್ನೂ ತಮ್ಮ ಯಂತ್ರದ ನೀರು ತಿಳಿಯಾಗಿಯೇ ಉಳಿಯುವುದನ್ನೂ ತೋರಿಸಿ ಬೆರಗುಗೊಳಿಸುತ್ತಾರೆ. ಆ ಕಂದು ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣದಿಂದ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಇಷ್ಟೇ ಅದರ ಗುಟ್ಟು. ಜೇಬಿನಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಕೂಡ ಬ್ಯಾಕ್ಟೀರಿಯಾವನ್ನಾಗಲಿ, ಫ್ಲೋರೈಡನ್ನಾಗಲಿ ತೋರಿಸುವುದಿಲ್ಲ. ಈ ಆಟ ಆಡುವವರ ದರಪಟ್ಟಿಯನ್ನು ಪಕ್ಕಕ್ಕಿಡುವುದೇ ಲೇಸು.

ನೀರಿನ ಹಣ ಕಟ್ಟಲು ಸ್ಮಾರ್ಟ್ ಕಾರ್ಡ್ ಬೇಡ ಎಂಬುದು ನನ್ನ ಅಭಿಪ್ರಾಯ. ಕಾರ್ಡ್ ಕಳೆದುಕೊಂಡ ಅಜ್ಜಿ ರೀಚಾರ್ಜ್ ಮಾಡಿಸಲು ಯಾರ ಮನೆಗೆ ಹೋಗಬೇಕು? ನಾಣ್ಯದ ಪೆಟ್ಟಿಗೆಯಾದರೆ, ಚಲಾವಣೆಯಲ್ಲಿರುವ ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ, ಹಿತ್ತಾಳೆ ಬಣ್ಣದ ನಾಣ್ಯ ಎಲ್ಲವನ್ನೂ ಹಾಕಿ ನೋಡಿ, ಉಗುಳದೆ ನುಂಗುವ ಪೆಟ್ಟಿಗೆಯನ್ನೇ ಒಪ್ಪಿಕೊಳ್ಳಿ.

ದರ, ದುಡ್ಡು

ಪುಕ್ಕಟೆ ನೀರು ಕೊಡುವ ಉದಾರತೆಯೇ ಘಟಕವನ್ನು ಮುಳುಗಿಸುತ್ತದೆ. ಉದಾಹರಣೆಗೆ 20 ಲೀಟರಿನ ಕ್ಯಾನಿಗೆ ಐದು ರೂಪಾಯಿಯಂತೆ ದಿನಕ್ಕೆ ನೂರು ಕ್ಯಾನ್ ಹೋದರೆ ತಿಂಗಳಿಗೆ 15,000 ರೂಪಾಯಿ ಬರುತ್ತದೆ. ನೋಡಿಕೊಳ್ಳುವವರಿಗೆ 7,000, ವಿದ್ಯುತ್ತಿಗೆ 2,000, ಕಾರ್ಟ್ರಿಜ್ ಫಿಲ್ಟರ್ ಮತ್ತು ರಾಸಾಯನಿಕಕ್ಕೆ 1,500, ಚಿಲ್ಲರೆ ದುರಸ್ತಿಗೆ 500 ಎಂದಿಟ್ಟುಕೊಂಡರೆ 4,000 ಉಳಿಯುತ್ತದೆ; ವರ್ಷಕ್ಕೆ 48,000. ಮೆಂಬ್ರೇನ್ ಚೆನ್ನಾಗಿ ನೋಡಿಕೊಂಡರೂ ಎರಡು ಮೂರು ವರ್ಷಕ್ಕೆ ಬದಲಾಗಬೇಕು, ಆ ಖರ್ಚು ಹುಟ್ಟುವುದು ಇದರಿಂದಲೇ. ಜನಪ್ರಿಯತೆಗಾಗಿ ದರವನ್ನು ಎರಡು ರೂಪಾಯಿಗೆ ಇಳಿಸಿದರೆ ಬರುವ 6,000ದಲ್ಲಿ ಸಂಬಳವೂ ಹುಟ್ಟುವುದಿಲ್ಲ. ಕೊಡಲಾಗದ ಕುಟುಂಬಗಳಿಗೆ ವರ್ತಕರ ಸಂಘ ಚೀಟಿ ಕೊಟ್ಟು, ಆ ಚೀಟಿಯ ಹಣವನ್ನು ತಿಂಗಳ ಕೊನೆಗೆ ತಾನೇ ಘಟಕಕ್ಕೆ ತುಂಬಲಿ.

ನಡೆಸುವವರು

ಸಂಜೀವಿನಿ ಒಕ್ಕೂಟದ ಅಥವಾ ಸ್ತ್ರೀಶಕ್ತಿ ಸಂಘದ ಮಹಿಳೆಯರಿಗೆ ವಹಿಸಿ. ನೀರು ಹೊರುವವರು ಅವರೇ ಆದ್ದರಿಂದ ರುಚಿ ಬದಲಾದದ್ದು ಮೊದಲು ತಿಳಿಯುವುದೂ ಅವರಿಗೇ. ಮರಳು ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವುದು, ಒತ್ತಡದ ಗೇಜ್ ಓದಿ ವಹಿಯಲ್ಲಿ ಬರೆಯುವುದು ಕಲಿಯಲು ಕಷ್ಟವೇನಲ್ಲ.

ತಿರಸ್ಕೃತ ನೀರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಸಣ್ಣ ಘಟಕಗಳಲ್ಲಿ ಒಳಹೋದ ನೀರಿನ ಸುಮಾರು ಅರ್ಧದಷ್ಟು ಉಪ್ಪನ್ನೂ ಫ್ಲೋರೈಡನ್ನೂ ಹೊತ್ತು ಹೊರಬರುತ್ತದೆ. ಅದನ್ನು ದನಗಳ ತೊಟ್ಟಿಗೆ ಬಿಡುವುದನ್ನು ‘ಮಿತವ್ಯಯ’ ಎಂದು ಹೊಗಳುವವರಿದ್ದಾರೆ. ಕೊಳವೆಬಾವಿಯ ನೀರಿನ ಸರಿಸುಮಾರು ಎರಡರಷ್ಟು ಫ್ಲೋರೈಡ್ ಇರುವ ಆ ನೀರು ದನಗಳ ಹಲ್ಲು, ಮೂಳೆಗೂ ಕೇಡೇ. ಸಾರ್ವಜನಿಕ ಶೌಚಾಲಯಕ್ಕೆ ಅಥವಾ ಟ್ರ್ಯಾಕ್ಟರ್ ತೊಳೆಯುವುದಕ್ಕೆ ಬಳಸಿ, ತೋಟಕ್ಕೆ ಬಿಡಬೇಡಿ.

ಫಲಕ

ದಾನಿಗಳ ಹೆಸರು ಇರಲಿ, ಆದರೆ ಅದಕ್ಕಿಂತ ದೊಡ್ಡದಾಗಿ ಮೂರು ಸಂಗತಿಗಳು ಕಾಣಬೇಕು: ಕ್ಯಾನಿನ ದರ, ಕಳೆದ ಪರೀಕ್ಷೆಯ ತಾರೀಖಿನೊಡನೆ ಫ್ಲೋರೈಡ್ ಮತ್ತು ಬ್ಯಾಕ್ಟೀರಿಯಾ ಫಲಿತಾಂಶ, ದೂರು ಹೇಳಬೇಕಾದ ಹುದ್ದೆಯವರ ಫೋನ್ ಸಂಖ್ಯೆ. ಗುಟ್ಕಾ, ಮದ್ಯದ ಜಾಹೀರಾತು ಎಷ್ಟೇ ಹಣ ತಂದರೂ ಬೇಡ. ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಾದ ಮೇಲೆ ಉದ್ಘಾಟನೆ ಇಟ್ಟುಕೊಂಡರೆ ಫಲಕಕ್ಕೆ ಬಟ್ಟೆ ಮುಚ್ಚಬೇಕಾಗುತ್ತದೆ, ಆದ್ದರಿಂದ ನೀರು ಬಿಡುವ ದಿನವನ್ನು ಸಮಾರಂಭಕ್ಕೆ ಕಟ್ಟಿಹಾಕಬೇಡಿ. ವರದಿ ಸರಿಯಾಗಿ ಬಂದ ಮರುದಿನವೇ ನಲ್ಲಿ ತಿರುಗಿಸಿ, ಶಾಸಕರ ದಿನಾಂಕ ಸಿಕ್ಕಾಗ ರಿಬ್ಬನ್ ಕತ್ತರಿಸಬಹುದು. ಮಳೆಗಾಲ ಮುಗಿದ ಮೇಲೊಮ್ಮೆ, ಕೊಳವೆಬಾವಿಯ ನೀರು ತಳ ಸೇರುವ ಏಪ್ರಿಲ್ ಹೊತ್ತಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ, ಬಂದ ಅಂಕಿಗಳನ್ನು ಹಳೆಯವುಗಳ ಕೆಳಗೇ ಬರೆಯುತ್ತಾ ಹೋಗಿ, ಹಳೆಯದನ್ನು ಅಳಿಸಬೇಡಿ.