ಒಂಟಿ ಕಾಯಿ ಬಿಟ್ಟು ಗೋಳಿಬಜೆ ಗೆದ್ದದ್ದು

ಮಂಗಳೂರಿನ ಉರ್ವದಲ್ಲಿ ನಮ್ಮದು ಭಾನುವಾರದ ಬ್ಯಾಕ್‌ಗ್ಯಾಮನ್, ಎರಡು ದಾಳ ಹಾಕಿ ಕಾಯಿಗಳನ್ನು ಮನೆ ದಾಟಿಸಿ ಹೊರಗೆ ತೆಗೆಯುವ ಇಬ್ಬರ ಆಟ. ಒಂಟಿ ಕಾಯಿಯನ್ನು ಎದುರಿನವ ಕಡಿಯಬಹುದು, ಎರಡು ಒಟ್ಟಿಗಿದ್ದರೆ ಆ ಮನೆ ಅವನಿಗೆ ಮುಚ್ಚಿದ ಹಾಗೆ. ಕಳೆದ ಆಟಿ ತಿಂಗಳಿಂದ ಹೋಟೆಲ್ ಬಿಲ್ ಹೆಚ್ಚಾಗಿ ನಾನು ಕೊಡುವುದಿಲ್ಲ. "ಇವ ಕಾಯಿ ದಾನ ಮಾಡ್ಲಿಕ್ಕೇ ಕೂತುಕೊಳ್ಳುವುದು ಮಾರಾಯ" ಎಂದು ನಕ್ಕವರೇ ಈಗ ನನ್ನ ಹಾಗೆ ಆಡುತ್ತಿದ್ದಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ನಾನು ಕಲಿತದ್ದು ಕುವೈತ್‌ನಲ್ಲಿ, ಲೆಬನಾನಿನ ಫೋರ್‌ಮನ್ ಒಬ್ಬರಿಂದ. ಆರು-ಐದು ಬಿದ್ದರೆ 'ಶೇಶ್ ಬೇಶ್' ಎಂದು ಕೂಗುವ ಚಾಳಿಯೂ ಅವರದ್ದೇ. ಅವರ ತಾವ್ಲೆಯಲ್ಲಿ (ಈ ಆಟಕ್ಕೆ ಅವರ ಕಡೆಯ ಹೆಸರು) ಕ್ಯೂಬ್, ಅಂದರೆ ಪಂಥ ದುಪ್ಪಟ್ಟು ಮಾಡುವ ದಾಳ, ಇಲ್ಲ. ಇಲ್ಲಿ ಉಂಟು; ಪಾಯಿಂಟಿಗೆ ಒಂದು ಪ್ಲೇಟ್ ಗೋಳಿಬಜೆ. ಹೆದರಿ ಕಾಯಿಗಳನ್ನೆಲ್ಲ ಜೋಡಿಜೋಡಿಯಾಗಿಯೇ ಸರಿಸಿದೆ. ಐದಾರು ತಿಂಗಳಲ್ಲಿ ಎರಡು ಸಾವಿರದ ಮೇಲೆ ಹೋಯಿತು. ಕಡಿಸಿಕೊಂಡು ಸೋತದ್ದಲ್ಲ. ಆರನೇ, ಎಂಟನೇ ಮನೆಯಲ್ಲಿ ಕಾಯಿ ರಾಶಿ ಬಿದ್ದು, ಎದುರಿನವರ ಹಿಂದಿನ ಕಾಯಿಗಳಿಗೆ ದಾರಿ ಬಿಟ್ಟುಕೊಟ್ಟು ಸೋತದ್ದು.

ಆಮೇಲೆ ಶುರುವಿಗೆ ಎರಡು-ಒಂದು ಬಿದ್ದರೆ ಐದನೇ ಮನೆಗೆ ಒಂಟಿ ಕಾಯಿ ಇಳಿಸತೊಡಗಿದೆ. ಎರಡು ದಾಳ ಬೀಳುವ 36 ರೀತಿಯಲ್ಲಿ 15ಕ್ಕೆ ಅದಕ್ಕೆ ಏಟು, ಕಮ್ಮಿಯೇನಲ್ಲ. ಆದರೆ ಕಡಿದರೆ ಹೋಗುವುದೆಷ್ಟು? 20 ಪಿಪ್, ಅಂದರೆ ಇಪ್ಪತ್ತು ಮನೆಯ ನಡೆ. ಕಡಿದ ಕಾಯಿ ಎದುರಿನವರ ಆರು ಮನೆಗಳಲ್ಲಿ ಒಂದರಿಂದ ಮತ್ತೆ ಒಳಗೆ ಬರಬೇಕು, ಅವರಲ್ಲಿ ಮುಚ್ಚಿದ್ದು ಆರನೇ ಮನೆ ಒಂದೇ. ಆರು-ಆರು ಬಿದ್ದರೆ ಮಾತ್ರ ಬಾರ್‌ನಲ್ಲಿ (ಕಡಿದ ಕಾಯಿ ಕಾಯುವ ನಡುಪಟ್ಟಿಯಲ್ಲಿ) ಕೂರಬೇಕು. ತಪ್ಪಿತೋ, ಐದನೇ ಮನೆ ಹೆಚ್ಚುಕಮ್ಮಿ ನನ್ನದೇ.

ಧೈರ್ಯ ತಲೆಗೇರಿತು. ಎದುರಿಗೆ ನಾಲ್ಕು ಮನೆ ಮುಚ್ಚಿದ್ದಾಗಲೂ ಒಂಟಿ ಬಿಟ್ಟೆ. ಆಗ 36ರಲ್ಲಿ 16 ಸಲ ಒಳಗೆ ಹೋಗಲಿಕ್ಕೇ ಆಗುವುದಿಲ್ಲ, ನನಗೆ ಸತತ ಮೂರು ಸಲ ಆಗಲಿಲ್ಲ. ಕ್ಯೂಬ್ ನಾಲ್ಕರಲ್ಲಿತ್ತು, ಮೇಲಿಂದ ಗ್ಯಾಮನ್ (ಒಂದೂ ಕಾಯಿ ಹೊರಗೆ ತೆಗೆಯದ ಸೋಲು, ಲೆಕ್ಕ ದುಪ್ಪಟ್ಟು): ಎಂಟು ಪ್ಲೇಟ್. ನಲವತ್ತರ ಲೆಕ್ಕದಲ್ಲಿ 320, ಚಹಾ ಬೇರೆ. "ಮನೆಯಲ್ಲೇ ಕಾಯಿಸಿ ಕೊಡ್ತಿದ್ದೆನಲ್ಲ" ಎಂದಳು ಹೆಂಡತಿ.

ಈಗ ದಾಳ ಬಿದ್ದ ಕೂಡಲೇ ನೋಡುವುದು ಅವರ ಮುಚ್ಚಿದ ಮನೆಗಳನ್ನು. ಎರಡಾದರೆ ನುಗ್ಗುತ್ತೇನೆ, ನಾಲ್ಕಾದರೆ ಬಾಲ ಮುದುಡಿ ಕೂರುತ್ತೇನೆ. ತಲೆನೋವು ಮೂರರದ್ದು. ಅವರ ಐದನೇ ಮನೆಯಲ್ಲಿ ನನ್ನ ಜೋಡಿ ಇದ್ದರೆ ಧೈರ್ಯ. ಅವರ ಮೂರು ಕಾಯಿ ನನ್ನಲ್ಲಿ ಸಿಕ್ಕಿಬಿದ್ದಿದ್ದರೆ ಇನ್ನೂ ಧೈರ್ಯ. ಕ್ಯೂಬ್ ಯಾವಾಗ ತಳ್ಳುತ್ತೇನೆ ಎಂದು ಬರೆಯುವುದಿಲ್ಲ, ಭಾನುವಾರದವರೂ ಓದುತ್ತಾರೆ.

ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಎರಡು-ಒಂದಕ್ಕೆ ಒಂಟಿ ಇಳಿಸುವುದೂ ಹಿಂದಿನ ಜೋಡಿ ಬಿಡಿಸುವುದೂ ಅದರ ಪ್ರಕಾರ ಹತ್ತಿರಹತ್ತಿರ ಸಮ. ಹಾಗಾದರೆ ನನ್ನ ಲಾಭ ಬಂದದ್ದು ನಮ್ಮವರಿಗೆ ಅಂಥ ಗಲಿಬಿಲಿಯ ಆಟ ರೂಢಿಯಿಲ್ಲದ್ದರಿಂದ.

ನಡುವೆ ತೆಂಗಿನ ಗೆರಟೆಯಲ್ಲಿ ದಾಳದ ಕಪ್ ಮಾಡಿದ್ದೆ. ಸದ್ದು ಚೆಂದ, ಆದರೆ ದಾಳ ತಿರುಗದೆ ಜಾರುತ್ತದೆಂದು ಗಲಾಟೆ. ಬಾಯಿಯ ಒಳಗೆ ತೆಂಗಿನ ನಾರಿನ ಹಗ್ಗ ಅಂಟಿಸಿದ ಮೇಲೆ ತಕರಾರು ನಿಂತಿತು.

ಕಳೆದ ವಾರ, ಹೆಚ್ಚು ನಕ್ಕಿದ್ದ ರಿಟೈರ್ಡ್ ಅಂಕಲ್ಲೇ ಎರಡು-ಒಂದಕ್ಕೆ ಒಂಟಿ ಇಳಿಸಿದರು. ನನಗೆ ನಾಲ್ಕು ಬಿತ್ತು, ಕಡಿದೆ. ಆಟ ಅವರೇ ಗೆದ್ದರು. ಆ ದಿನದ ಬಿಲ್ ನನ್ನದು.