ತುಳುವಿನಲ್ಲಿ ಮಾತು ಶುರು ಮಾಡುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಕೆಲಸ ಸಿಕ್ಕಿದೆಯಾ? ಹಾಗಾದರೆ ನಾಲ್ಕು ತುಳು ಮಾತು ಕಲಿತೇ ಹೋಗಿ. ನಮಸ್ಕಾರಕ್ಕೆ ತುಳುವಿನಲ್ಲಿ ಏನಂತಾರೆ ಎಂದು ಮಾತ್ರ ಹುಡುಕುತ್ತಾ ಕೂರಬೇಡಿ. ನಮಸ್ಕಾರ ಅಂದರೆ ಅಲ್ಲೂ ನಡೆಯುತ್ತದೆ. "ಸೊಲ್ಮೆಲು" ಅನ್ನುವ ಪದ ಇದೆ, ಆದರೆ ಅದು ವೇದಿಕೆ, ಬ್ಯಾನರ್‌ಗಳಲ್ಲೇ ಜಾಸ್ತಿ. ಅಂಗಡಿ ಮುಂದೆ, ಬಸ್‌ಸ್ಟಾಂಡಿನಲ್ಲಿ ಜನ ಮಾತು ಶುರು ಮಾಡುವುದು ಪ್ರಶ್ನೆಯಿಂದ.

ಮೊದಲು "ಒಣಸ್ ಆಂಡಾ?" ಕಲಿಯಿರಿ. ಊಟ ಆಯ್ತಾ ಅಂತ. ಆಗಿದ್ದರೆ "ಆಂಡ್", ಇಲ್ಲದಿದ್ದರೆ "ಇಜ್ಜಿ" ಅನ್ನಿ, ಆಮೇಲೆ ನೀವೂ "ಈರೆನ ಆಂಡಾ?" ಎಂದು ಕೇಳಿ, ಕೇಳಿ ಸುಮ್ನೆ ಮುಂದೆ ಹೋಗದೆ ಉತ್ತರಕ್ಕೆ ಒಂದು ಗಳಿಗೆ ನಿಲ್ಲಿ. ಒಣಸ್ ಎಂದು ಬರೆದರೂ ಕೊನೆಯ ಅಕ್ಷರ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ತುಟಿ ಗುಂಡಗೆ ಮಾಡದೆ "ಉ" ಅಂದು ನೋಡಿ, ಆ ಸಣ್ಣ ಎಳೆತವೇ ತುಳು.

ಹೇಗಿದ್ದೀರಿ ಅನ್ನಲು "ಎಂಚ ಉಲ್ಲರ್?" ಗೆಳೆಯರಾದರೆ "ಎಂಚ ಉಲ್ಲ?" ಸಾಕು. ಉತ್ತರ, "ಉಷಾರ್ ಉಲ್ಲೆ." ನೀವು ಅನ್ನಲು "ಈರ್", ನೀನು ಅನ್ನಲು "ಈ". ಗೊತ್ತಿಲ್ಲದವರಿಗೆ ಯಾವಾಗಲೂ "ಈರ್" ಅನ್ನಿ.

ನಾನು ಹುಬ್ಬಳ್ಳಿ ಕಡೆಯವನು. ಬಾಡಿಗೆ ಮನೆ ನೋಡಲು ಹೋದಾಗ ಮನೆಯ ಅಮ್ಮ ನನ್ನನ್ನು ಊರಿನ ಹುಡುಗ ಅಂದುಕೊಂಡು, ಬಾಗಿಲಲ್ಲೇ ನಿಂತು "ಬಲೆ, ಕುಲ್ಲುಲೆ" ಅಂದರು. ನಮ್ಮ ಕಡೆ "ಬಾ ಲೇ" ಅನ್ನುವುದು ಸಲುಗೆ ಇರುವವರಿಗೆ ಮಾತ್ರ, ಹಿರಿಯರಿಗೆ ಅಂದರೆ ಬೈಗುಳ, ಹಾಗಾಗಿ ನನಗೆ ಕಸಿವಿಸಿಯಾಯಿತು. ಅವರು ಕುರ್ಚಿ ಎಳೆದು, ಬೆಲ್ಲ ನೀರು ತಂದಿಟ್ಟ ಮೇಲೆ ಅರ್ಥವಾಯಿತು: ತುಳುವಿನಲ್ಲಿ ಆ "ಲೆ" ನಮ್ಮ "ಬನ್ನಿ, ಕೂತ್ಕೊಳ್ಳಿ" ಅನ್ನುವಲ್ಲಿನ ಮರ್ಯಾದೆ. ಉತ್ತರ ಕರ್ನಾಟಕದವರು ಇದೊಂದನ್ನು ಮರೆಯಬೇಡಿ.

ನೀವು ಎರಡು ಮಾತು ತಡವರಿಸಿದ ಕೂಡಲೇ ಅವರು ಪ್ರೀತಿಯಿಂದಲೇ ಕನ್ನಡಕ್ಕೆ ಬರುತ್ತಾರೆ. ಆಗ "ಎಂಕ್ ಒಂತೆ ಒಂತೆ ತುಳು ಬರ್ಪುಂಡು, ತುಳುಟೇ ಪಾತೆರ್ಲೆ" ಅನ್ನಿ. ನನಗೆ ಸ್ವಲ್ಪ ಸ್ವಲ್ಪ ಬರುತ್ತದೆ, ತುಳುವಿನಲ್ಲೇ ಮಾತಾಡಿ ಅಂತ. 2011ರ ಜನಗಣತಿಯ ಪ್ರಕಾರ 18 ಲಕ್ಷಕ್ಕೂ ಜಾಸ್ತಿ ಜನರ ತಾಯಿನುಡಿ ಇದು. ಹೊರಗಿನವರು ಕಲಿಯಲು ಹೊರಟರೆ ಅವರಿಗೆ ಎಷ್ಟು ಖುಷಿ ಎಂದು ನೀವೇ ನೋಡುತ್ತೀರಿ.

ತುಳುವನ್ನು ಹೆಚ್ಚಾಗಿ ಕನ್ನಡ ಅಕ್ಷರದಲ್ಲೇ ಬರೆಯುವುದರಿಂದ ನಮಗೆ ಓದಲು ಸುಲಭ ಅಲ್ವಾ? ಆದರೆ ಓದಿದರೆ ಸಾಲದು, ಕಿವಿಯೂ ಬೇಕು. "ಬರ್ಪೆ" ನೋಡಿ. ಕೊನೆಯ ಎ ಬಾಯಿ ಅಗಲಿಸಿ, ಬ್ಯಾಂಕಿನ "ಬ್ಯಾ" ಹತ್ತಿರ ಎಳೆದರೆ "ನಾನು ಬರುತ್ತೇನೆ". ಮಾಮೂಲಿ ಎ ಆದರೆ "ಅವನು ಬರುತ್ತಾನೆ".

ಹೊರಡುವಾಗ ಬೇಕಾಗುವುದೂ ಇದೇ ಮಾತು. "ಪೋಪೆ" ಅಂದರೆ ಹೋಗುತ್ತೇನೆ, ಅಷ್ಟೇ ಹೇಳಿ ಹೊರಡಬೇಡಿ. ನಾವು ಹೋಗಿ ಬರ್ತೀನಿ ಅನ್ನುವ ಹಾಗೆ, ಬಾಯಿ ಅಗಲಿಸಿ, "ಪೋದು ಬರ್ಪೆ" ಅನ್ನಿ. ಆಗ ಅವರು "ಆವು, ಪೋದು ಬಲೆ" ಅನ್ನುತ್ತಾರೆ, ಆಯ್ತು, ಹೋಗಿ ಬನ್ನಿ ಅಂತ.